30 ವಯಲ್ ಕೊಡಿ ಸ್ವಾಮಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ತಾವೇ ಅಧ್ಯಕ್ಷರು. ಹಾವಿನ ವಿಷಕ್ಕೆ ಕೊಡುವ ಆ್ಯಂಟಿವೆನಮ್ ಎಲ್ಲಿಂದ ಬರುತ್ತದೆ, ಯಾರ ಸಹಿಯ ಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇದೇ ವಿಷಯಕ್ಕೆ ನಮ್ಮ ಧರ್ಮಾಸ್ಪತ್ರೆಯಿಂದ ಈಗಾಗಲೇ ಮೂರು ಅರ್ಜಿ ಹೋಗಿವೆ. ಮೂರಕ್ಕೂ ಸ್ವೀಕೃತಿ ಸಿಕ್ಕಿದೆ, ಸೀಲು ಚೆನ್ನಾಗಿ ಮೂಡಿದೆ. ಅದರಾಚೆಗೆ ಏನೂ ಆಗಿಲ್ಲ. ಹಾಗಾಗಿ ನಾಲ್ಕನೆಯದನ್ನು ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇವೆ.

ಕೇಳುತ್ತಿರುವುದು ಇಷ್ಟೇ. ಸರ್ಕಾರದ ದಾಸ್ತಾನಿನಿಂದ 30 ವಯಲ್ (ಔಷಧಿಯ ಪುಟ್ಟ ಬಾಟಲಿ) ಆ್ಯಂಟಿವೆನಮ್ ನಮ್ಮ ಆಸ್ಪತ್ರೆಯಲ್ಲಿ ಯಾವಾಗಲೂ ಇರಬೇಕು. ಖರ್ಚಾದಷ್ಟನ್ನು 24 ಗಂಟೆಯೊಳಗೆ ತುಂಬಿಕೊಡಬೇಕು. ದುಡ್ಡು ಬೇಡ, ಕಟ್ಟಡ ಬೇಡ, ಟೇಪು ಕತ್ತರಿಸುವ ಸಮಾರಂಭವೂ ಬೇಡ.

30 ಯಾಕೆ ಅಂದರೆ, ನಮ್ಮ ಕಡೆಯ ಕಬ್ಬಿನ ಗದ್ದೆ, ಭತ್ತದ ಬದುಗಳಲ್ಲಿ ಇಲಿ ಹುಡುಕಿಕೊಂಡು ಬರುವುದು ಕೊಳಕುಮಂಡಲ. ಒಂದು ಕಡಿತಕ್ಕೆ ಅದು ಸರಾಸರಿ 63 ಮಿಲಿಗ್ರಾಂ ವಿಷ ಇಳಿಸುತ್ತದೆ ಎಂಬ ಲೆಕ್ಕದ ಮೇಲೆ ಡೋಸು ನಿಂತಿದೆ. ವಯಲಿನ ಪುಡಿಯನ್ನು 10 ಎಂಎಲ್ ನೀರಿನಲ್ಲಿ ಕರಗಿಸಿದರೆ ಒಂದೊಂದು ಎಂಎಲ್ 0.6 ಮಿಲಿಗ್ರಾಂ ವಿಷವನ್ನು ಮುರಿಯುತ್ತದೆ. ಅಂದರೆ ಒಂದು ವಯಲಿಗೆ 6, ಹತ್ತಕ್ಕೆ 60. ಅದಕ್ಕೇ ಮೊದಲ ಡೋಸು 10 ವಯಲ್, ಸಲೈನಿನಲ್ಲಿ ಸೇರಿಸಿ ಒಂದು ಗಂಟೆಯೊಳಗೆ ಹೋಗಬೇಕು. ಈ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ; ಆರು ಗಂಟೆ ಬಿಟ್ಟು ನೋಡಿದಾಗಲೂ ಹೆಪ್ಪುಗಟ್ಟದಿದ್ದರೆ ಇನ್ನೂ 10. ಆಗಲೂ ಆಗದಿದ್ದರೆ ಮತ್ತೆ 10, ಅಲ್ಲಿಗೆ ಮಿತಿ. ಒಬ್ಬ ಮನುಷ್ಯನಿಗೇ 30 ಆಯಿತು. ಮಗುವಿಗೂ ಇದೇ ಲೆಕ್ಕ, ಮಗು ಅಂತ ಹಾವು ವಿಷ ಕಡಿಮೆ ಬಿಡುವುದಿಲ್ಲವಲ್ಲ.

ರಕ್ತ ಹೆಪ್ಪುಗಟ್ಟುತ್ತದೆಯೋ ಇಲ್ಲವೋ ಎಂಬ ಪರೀಕ್ಷೆಗೆ ದೊಡ್ಡ ಲ್ಯಾಬು ಬೇಕಿಲ್ಲ. 2 ಎಂಎಲ್ ರಕ್ತವನ್ನು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಮುಟ್ಟದೆ ಇಡುವುದು, ಆಮೇಲೆ ಒಂದೇ ಒಂದು ಸಲ ಓರೆ ಮಾಡಿ ನೋಡುವುದು. ಗಟ್ಟಿಯಾಗಿದ್ದರೆ ಸರಿ, ನೀರಿನ ಹಾಗೆ ಹರಿದರೆ ವಿಷ ಏರಿದೆ ಅಂತ ಅರ್ಥ. ಟ್ಯೂಬು ಪ್ಲಾಸ್ಟಿಕ್ಕಿನದಾಗಿದ್ದರೆ, ಸೋಪಿನ ಪುಡಿಯಲ್ಲಿ ತೊಳೆದಿದ್ದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ. ಹತ್ತನೇ ನಿಮಿಷಕ್ಕೇ ಎತ್ತಿ ಅಲ್ಲಾಡಿಸಿದರೂ ಫಲಿತಾಂಶ ಕೆಟ್ಟಿತು. ನಮ್ಮ ಸಿಸ್ಟರುಗಳು ಇದನ್ನೆಲ್ಲ ಕಣ್ಣು ಮುಚ್ಚಿಕೊಂಡು ಮಾಡಬಲ್ಲರು. ಪುಡಿ ಕರಗಿಸುವಾಗ ವಯಲನ್ನು ಕುಲುಕಬಾರದು, ನೊರೆ ಬರುತ್ತದೆ; ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಹತ್ತು ವಯಲಿಗೆ ಇಬ್ಬರು ಕೂರಬೇಕು. ಡ್ರಿಪ್ ಶುರುವಾಗುವ ಮೊದಲೇ ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟಿರಬೇಕು, ಆ್ಯಂಟಿವೆನಮ್ ಒಗ್ಗದೆ ಮೈ ತುರಿಕೆ, ನಡುಕ, ಬಿಪಿ ಇಳಿತ ಯಾವ ಗಳಿಗೆಯಲ್ಲಾದರೂ ಬರಬಹುದು. ಇಷ್ಟೆಲ್ಲ ಗೊತ್ತಿರುವ ಕೈಗಳಿವೆ. ಕೈಗೆ ಕೊಡಲು ವಯಲ್ ಇಲ್ಲ.

ಕೊಂಡುಕೊಳ್ಳಿ ಅನ್ನುತ್ತೀರಿ. ಕೊಳ್ಳುತ್ತಿದ್ದೇವೆ ಸ್ವಾಮಿ. ಒಂದು ಡೋಸಿಗೆ ಸಾವಿರಾರು ರೂಪಾಯಿ. ಕೊಂಡ ಬೆಲೆಗೇ ಬಿಲ್ ಹಾಕಿದರೂ ಕೂಲಿಗೆ ಹೋಗುವವರ ಮನೆಯವರು ಓಲೆ ಬಿಚ್ಚಿ ಮೇಜಿನ ಮೇಲೆ ಇಡುತ್ತಾರೆ. ಅದೇ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೆ ನಮ್ಮ ಸುತ್ತಲಿನ ಹಳ್ಳಿಗಳಿಗೆ ರಾತ್ರಿ ದೀಪ ಉರಿಯುವ ಆಸ್ಪತ್ರೆ ಅಂತ ಇರುವುದು ಇದೊಂದೇ. ಹಾವು ರಾತ್ರಿಯೂ ಕಚ್ಚುತ್ತದೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ರೈತ ರಾತ್ರಿಯೇ ಗದ್ದೆಗೆ ಇಳಿಯಬೇಕು. ಟಾರ್ಚು ಒಂದು ಕೈಯಲ್ಲಿ, ಗುದ್ದಲಿ ಇನ್ನೊಂದರಲ್ಲಿ, ಕಾಲಲ್ಲಿ ಚಪ್ಪಲಿ ಇರುವುದಿಲ್ಲ.

ಇನ್ನೊಂದು ತಮಾಷೆ ಕೇಳಿ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಅಂದಿನಿಂದ ಒಂದೂ ಬಿಡದೆ ವರದಿ ಕೊಡುತ್ತಿದ್ದೇವೆ. ಒಂದು ದಿನ ತಡವಾದರೆ ಫೋನ್ ಬರುತ್ತದೆ. ಅದೇ ಫೋನಿನಲ್ಲಿ ಔಷಧಿಯ ಮಾತು ಎತ್ತಿದರೆ, “ನೀವು ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿಯಾದ ಖಾಸಗಿಯವರು” ಎಂಬ ಉತ್ತರ. ಲೆಕ್ಕ ಕೊಡುವಾಗ ಸರ್ಕಾರದವರು, ಔಷಧಿ ಕೇಳುವಾಗ ಖಾಸಗಿಯವರು.

ಕಳೆದ ಕೊಯ್ಲಿನ ಕಾಲದ ಒಂದು ರಾತ್ರಿಯ ವಿಚಾರ ಹೇಳಲೇಬೇಕು. ಒಂಬತ್ತೂ ನಲವತ್ತಕ್ಕೆ ಕಬ್ಬಿಗೆ ನೀರು ಕಟ್ಟುತ್ತಿದ್ದವನನ್ನು ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಬಂದರು. “ಏನೋ ಚುಚ್ತು, ಕಬ್ಬಿನ ಕೂಳೆ ಅನ್ಕಂಡೆ” ಅಂತಿದ್ದ. ಮೊಣಕಾಲಿಗೆ ಟವೆಲು ಬಿಗಿದು ಕಾಲು ಕಪ್ಪಿಟ್ಟಿತ್ತು, ವಸಡಿನಲ್ಲಿ ರಕ್ತ. ಹತ್ತು ಗಂಟೆಗೆ ಟ್ಯೂಬು ಓರೆ ಮಾಡಿದರೆ ನೀರು. ನಮ್ಮ ಬೀರುವಿನಲ್ಲಿ ಇದ್ದದ್ದು 6 ವಯಲ್. ಆರೂ ಹಾಕಿದೆವು. ಮಿಕ್ಕ ನಾಲ್ಕಕ್ಕಾಗಿ ಹತ್ತಿರದ ಒಂದು ಸರ್ಕಾರಿ ಕೇಂದ್ರಕ್ಕೆ ಫೋನ್ ಮಾಡಿದರೆ, ವಯಲ್ ಇದೆ, ಆದರೆ ಬೀಗದ ಕೀ ಇರುವವರು ಮೈಸೂರಿನಲ್ಲಿದ್ದಾರೆ. “ಬೆಳಗ್ಗೆ ಒಂಬತ್ತಕ್ಕೆ ಇಂಡೆಂಟ್ (ಬೇಡಿಕೆ ಚೀಟಿ) ತನ್ನಿ. ಆರಿದೆಯಲ್ಲ, ಅದರಲ್ಲೇ ಸುಧಾರಿಸಿಕೊಳ್ಳಿ.” ರಾತ್ರಿ ಅರ್ಧ ವಿಷ ಬಿಟ್ಟು ಮಿಕ್ಕಿದ್ದನ್ನು ಕಚೇರಿ ವೇಳೆಯಲ್ಲಿ ಬಿಡತಕ್ಕದ್ದು ಎಂದು ಕೊಳಕುಮಂಡಲಕ್ಕೂ ಒಂದು ಸುತ್ತೋಲೆ ಹೊರಡಿಸಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆವು. 108 ಬಂತು, ಮಂಡ್ಯಕ್ಕೆ ಕಳಿಸಿದೆವು. ಮಿಕ್ಕ ಡೋಸು ಮೈಗೆ ಹತ್ತಿದಾಗ ನಡುರಾತ್ರಿ ದಾಟಿತ್ತು. ಜೀವ ಉಳಿಯಿತು, ಕಿಡ್ನಿ ಕೈಕೊಟ್ಟು ವಾರಗಟ್ಟಲೆ ಡಯಾಲಿಸಿಸ್. ಆ್ಯಂಟಿವೆನಮ್ ರಕ್ತದಲ್ಲಿ ಓಡಾಡುವ ವಿಷವನ್ನು ಮಾತ್ರ ಹಿಡಿಯುತ್ತದೆ, ಕೆಟ್ಟು ಹೋದ ಕಿಡ್ನಿಯನ್ನು ವಾಪಸು ಕೊಡುವುದಿಲ್ಲ.

ಆ ಬೀಗದೊಳಗಿನ ವಯಲುಗಳ ಕತೆ? ಮೂರು ತಿಂಗಳ ಮೇಲೆ ಅವಧಿ ಮೀರಿ, ಸೀಲು ಒಡೆಯದೆ ವಿಲೇವಾರಿ ಪಟ್ಟಿ ಸೇರಿದವು. ಕೆಂಪು ಶಾಯಿಯಲ್ಲಿ ನೀಟಾಗಿ ಬರೆದಿದ್ದರಂತೆ.

ಇದು ಕೊರತೆಯ ಸಮಸ್ಯೆ ಅಲ್ಲ, ಎಲ್ಲಿ ಇಟ್ಟಿದ್ದೀರಿ ಅನ್ನುವ ಸಮಸ್ಯೆ. ಹಾಗಾಗಿ ಕೇಳುತ್ತಿದ್ದೇವೆ: 30 ವಯಲನ್ನು ನಮ್ಮಲ್ಲಿ ಎರವಲಾಗಿ ಇಡಿ. ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಖು ಎರಡೂ ಕಡೆಯ ರಿಜಿಸ್ಟರಿನಲ್ಲಿ ಇರಲಿ. ಬಳಸಿದ ಪ್ರತಿ ವಯಲಿನ ಖಾಲಿ ಬಾಟಲಿ, ಕೇಸ್ ಶೀಟಿನ ಪ್ರತಿ, ಸರ್ಕಾರಕ್ಕೆ ಆನ್‌ಲೈನಿನಲ್ಲಿ ಕೊಟ್ಟ ಹಾವು ಕಡಿತದ ವರದಿಯ ಸಂಖ್ಯೆ ಮೂರನ್ನೂ ಮಾರನೇ ದಿನವೇ ತಲುಪಿಸುತ್ತೇವೆ. ರೋಗಿಯಿಂದ ಒಂದು ಪೈಸೆ ಮುಟ್ಟುವುದಿಲ್ಲ. ಅವಧಿಗೆ ಆರು ತಿಂಗಳು ಉಳಿದಾಗ ಆ ವಯಲುಗಳನ್ನು ತಾಲೂಕು ಆಸ್ಪತ್ರೆಗೆ ವಾಪಸು ಕೊಟ್ಟು ಹೊಸದು ತರುತ್ತೇವೆ. ಅಲ್ಲಿ ರೋಗಿಗಳು ಹೆಚ್ಚು, ಬೇಗ ಖರ್ಚಾಗುತ್ತದೆ, ಒಂದೂ ಹಾಳಾಗುವುದಿಲ್ಲ. ತಂದು ಕೊಡುವ ಗಾಡಿಯೂ ನಮ್ಮದೇ. ಪುಡಿಯ ವಯಲ್ ಆದ್ದರಿಂದ ಫ್ರಿಜ್ಜಿನ ಹಂಗೂ ಇಲ್ಲ, ಬಿಸಿಲು ಬೀಳದ ತಣ್ಣನೆಯ ಬೀರು ಸಾಕು.

ಕೀಯ ವಿಚಾರ ಕೇಳಿದರೆ, ಎರಡಿವೆ. ಒಂದು ಡ್ಯೂಟಿ ಸಿಸ್ಟರ್ ಸೊಂಟದಲ್ಲಿ, ಇನ್ನೊಂದು ಕ್ಯಾಶುವಾಲ್ಟಿಯ ಗೋಡೆಯ ಮೊಳೆಯಲ್ಲಿ. ಮೈಸೂರಿಗೆ ಯಾವುದೂ ಹೋಗುವುದಿಲ್ಲ.

ತಮ್ಮ ಸಮಿತಿಯ ಮುಂದಿನ ಸಭೆಯಲ್ಲಿ ಒಂದು ಸಾಲಿನ ನಿರ್ಣಯ, ತಮ್ಮ ಒಂದು ಸಹಿ. ಭತ್ತದ ಕೊಯ್ಲು ಶುರುವಾಗುವ ಮೊದಲು ಆಗಬೇಕು. 30 ವಯಲ್. ಬೀರುವಿನ ಎರಡನೇ ಅರೆಯನ್ನು ಖಾಲಿ ಮಾಡಿ ಇಟ್ಟಿದ್ದೇವೆ.

ಇಂತಿ,
ಧರ್ಮಾಸ್ಪತ್ರೆಯೊಂದರ ಔಷಧ ವಿಭಾಗದವರು
ಮಂಡ್ಯ ಜಿಲ್ಲೆ