ಉರಿಯೂತದ ಬಗ್ಗೆ ಬರೆಯಹೊರಟ ಕಿರಿಯ ಮಿತ್ರರಿಗೆ

ಪ್ರಿಯ ಮಿತ್ರರೇ,

ನಿಮ್ಮ ಲೇಖನದ ಕರಡನ್ನು ಗಮನವಿಟ್ಟು ಓದಿದೆ. ವಿಷಯದ ಮೇಲಿನ ಪ್ರೀತಿ ಪ್ರತಿ ಪುಟದಲ್ಲೂ ಕಾಣುತ್ತದೆ. ಆದರೆ ಆರಂಭದಲ್ಲಿ ದೇಹವನ್ನು ಕಾಯುವ ಯೋಧನಾಗಿದ್ದ, ಉರಿಯೂತವನ್ನು ಪ್ರಚೋದಿಸುವ ಟಿಎನ್‌ಎಫ್ ಎಂಬ ಸಂಕೇತ ಪ್ರೋಟೀನು, ಸಂಧಿವಾತದ ಭಾಗಕ್ಕೆ ಬರುವಷ್ಟರಲ್ಲಿ ದ್ರೋಹಿಯಾಗಿಬಿಟ್ಟಿದೆ. ಪ್ರೋಟೀನಿಗೆ ಉದ್ದೇಶವೆಂಬುದಿಲ್ಲ. ಅದು ಎಲ್ಲಿ, ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಸ್ರವಿಸುತ್ತದೆ ಎಂಬುದನ್ನು ಬರೆದರೆ ಯೋಧನೂ ದ್ರೋಹಿಯೂ ಬೇಕಾಗುವುದಿಲ್ಲ.

ಕ್ಷಯವನ್ನೇ ನೋಡಿ. ಶ್ವಾಸಕೋಶವನ್ನು ಹೊಕ್ಕ ಬ್ಯಾಕ್ಟೀರಿಯಾಗಳನ್ನು ಮ್ಯಾಕ್ರೊಫೇಜ್ ಕೋಶಗಳು ನುಂಗುತ್ತವೆ, ಆದರೆ ಎಲ್ಲವನ್ನೂ ಕೊಲ್ಲಲಾರವು. ಆಗ ರಕ್ಷಣಾ ಕೋಶಗಳು ಸುತ್ತಲೂ ಒತ್ತೊತ್ತಾಗಿ ನೆರೆದು ಗ್ರಾನುಲೋಮಾ ಎಂಬ ಗಂಟನ್ನು ಕಟ್ಟಿ, ಉಳಿದ ರೋಗಾಣುಗಳನ್ನು ಅದರೊಳಗೆ ವರ್ಷಗಟ್ಟಲೆ ಹಿಡಿದಿಡುತ್ತವೆ. ಆ ಗಂಟು ಸಡಿಲಗೊಳ್ಳದಂತೆ ನೋಡಿಕೊಳ್ಳುವ ಸಂಕೇತಗಳಲ್ಲಿ ಟಿಎನ್‌ಎಫ್ ಪ್ರಮುಖವಾದುದು. ರುಮಟಾಯ್ಡ್ ಸಂಧಿವಾತದಲ್ಲಿ ಇದೇ ಪ್ರೋಟೀನು ಕೀಲಿನ ಒಳಪೊರೆಯಲ್ಲಿ ಬಿಡುವಿಲ್ಲದೆ ಸ್ರವಿಸಿ, ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುತ್ತದೆ. 1998ರಲ್ಲಿ ಅಮೆರಿಕದಲ್ಲಿ ಮೊದಲು ಅನುಮತಿ ಪಡೆದ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿ ಈ ಪ್ರೋಟೀನನ್ನು ಹಿಡಿದು ನಿಷ್ಕ್ರಿಯಗೊಳಿಸಿ ಎಷ್ಟೋ ರೋಗಿಗಳ ಕೀಲುಗಳನ್ನು ಉಳಿಸಿತು. ಜೊತೆಗೆ, ಸುಪ್ತವಾಗಿದ್ದ ಕ್ಷಯ ಕೆಲವರಲ್ಲಿ ಮತ್ತೆ ತಲೆಯೆತ್ತಿದ್ದು 2001ರ ವೇಳೆಗೆ ಸ್ಪಷ್ಟವಾಯಿತು. ಈ ಔಷಧಿ ಆರಂಭಿಸುವ ಮುನ್ನ ಕ್ಷಯದ ತಪಾಸಣೆ ಮಾಡುವುದು ಆ ಕಾರಣಕ್ಕೇ. ನೀವು ಇದನ್ನು ಅಡ್ಡಪರಿಣಾಮಗಳ ಸಾಲಿನಲ್ಲಿ ಒಂದು ವಾಕ್ಯಕ್ಕೆ ಮುಗಿಸಿದ್ದೀರಿ. ನನ್ನ ಮಟ್ಟಿಗೆ ಇಡೀ ಲೇಖನದ ಜೀವಾಳ ಇದೇ. ಇದನ್ನು ಬಿಡಿಸಿ, ನಿಧಾನವಾಗಿ ಬರೆಯಿರಿ.

ವೈರಸ್‌ಗಳನ್ನು ತಡೆಯುವ ಸಂಕೇತ ಪ್ರೋಟೀನಾದ ಇಂಟರ್‌ಫೆರಾನ್ 1957ರಲ್ಲಿ ಪತ್ತೆಯಾದ ಇತಿಹಾಸವನ್ನು ಮೊಟಕುಗೊಳಿಸಬಹುದು. ಅದಕ್ಕಿಂತ ಉರಿಯೂತದ ಮತ್ತೊಂದು ಸಂಕೇತ ಪ್ರೋಟೀನಾದ ಇಂಟರ್‌ಲ್ಯೂಕಿನ್-1 ಬೀಟಾಕ್ಕೆ ಹೆಚ್ಚು ಜಾಗ ಕೊಡಿ. ಕೋಶ ಅದನ್ನು ಮೊದಲು ನಿಷ್ಕ್ರಿಯ ರೂಪದಲ್ಲಿ ತಯಾರಿಸಿಟ್ಟುಕೊಳ್ಳುತ್ತದೆ. ಇನ್‌ಫ್ಲಮಸೋಮ್ ಎಂಬ ಪ್ರೋಟೀನು ಸಮೂಹ ಜೋಡಣೆಗೊಂಡು, ಕ್ಯಾಸ್ಪೇಸ್-1 ಕಿಣ್ವ ಅದನ್ನು ಕತ್ತರಿಸಿದ ಬಳಿಕವಷ್ಟೇ ಅದು ಕೆಲಸಕ್ಕೆ ಇಳಿಯುತ್ತದೆ. ಗೌಟ್ ರೋಗದಲ್ಲಿ ಯಾವ ರೋಗಾಣುವೂ ಇಲ್ಲದೆ, ಕೀಲಿನಲ್ಲಿ ಕೂತ ಯೂರೇಟ್ ಹರಳುಗಳೇ ಈ ಜೋಡಣೆಯನ್ನು ಪ್ರಚೋದಿಸುತ್ತವೆ ಎಂಬುದು ಓದುಗರನ್ನು ಖಂಡಿತ ಹಿಡಿದು ನಿಲ್ಲಿಸುತ್ತದೆ.

ಕೊನೆಯದಾಗಿ, ಇಂಥ ಸಂಕೇತ ಪ್ರೋಟೀನುಗಳು (ಸೈಟೊಕೈನ್‌ಗಳು) ಮಿತಿಮೀರಿ ಸ್ರವಿಸುವುದಕ್ಕೆ ಹೇಳುವ ‘ಸೈಟೊಕೈನ್ ಬಿರುಗಾಳಿ’ ಎಂಬ ಮಾತನ್ನು ನೀವು ಧಾರಾಳವಾಗಿ ಬಳಸಿದ್ದೀರಿ. 2020ರಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗದಲ್ಲಿ, ಉರಿಯೂತವನ್ನು ತಗ್ಗಿಸುವ ಡೆಕ್ಸಾಮೆಥಾಸೋನ್ ಆಮ್ಲಜನಕದ ನೆರವು ಬೇಕಾಗಿದ್ದ ಕೋವಿಡ್ ರೋಗಿಗಳಲ್ಲಿ ಸಾವನ್ನು ಕಡಿಮೆ ಮಾಡಿತು. ನೆರವು ಬೇಕಿಲ್ಲದವರಲ್ಲಿ ಪ್ರಯೋಜನ ಕಾಣಲಿಲ್ಲ. ಈ ವ್ಯತ್ಯಾಸವನ್ನು ‘ಬಿರುಗಾಳಿ’ ಹೇಳಲಾರದು. ಆ ಪದ ಬಂದಲ್ಲೆಲ್ಲ ಯಾವ ಪ್ರೋಟೀನು, ಯಾವ ಅಂಗದಲ್ಲಿ, ಕಾಯಿಲೆಯ ಯಾವ ಹಂತದಲ್ಲಿ ಎಂದು ಬರೆದು, ತಿದ್ದಿದ ಪ್ರತಿಯನ್ನು ನನಗೆ ಕಳುಹಿಸಿಕೊಡಿ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ