ಟಿಪ್ಪುವಿನ ಕೊನೆಯ ಚಿತ್ರ: ಬಿಡಿಸಿದವನ ಹೆಸರನ್ನೂ ಹಾಕಿ

ಮಾನ್ಯ ಸಂಪಾದಕರೆ,

ಶ್ರೀರಂಗಪಟ್ಟಣದ ಪತನದ ಬಗ್ಗೆ ಲೇಖನ ಬಂದಾಗಲೆಲ್ಲ ಅದರ ಜೊತೆಗೆ ಒಂದು ಚಿತ್ರ ಅಚ್ಚಾಗುತ್ತದೆ. ಕತ್ತಲಲ್ಲಿ ಕೋಟೆಯ ಬಾಗಿಲು, ಲಾಂದ್ರದ ಬೆಳಕಿನಲ್ಲಿ ಟಿಪ್ಪುವಿನ ದೇಹ, ಅದರ ಮೇಲ್ಗಡೆ ಗತ್ತಿನಿಂದ ನಿಂತ ಬ್ರಿಟಿಷ್ ಸೇನಾಧಿಕಾರಿ. ಅಡಿಯಲ್ಲಿ ‘ಸಂಗ್ರಹ ಚಿತ್ರ’ ಎಂದಷ್ಟೇ ಇರುತ್ತದೆ. ಈಚೆಗೆ ಒಂದು ಪುರವಣಿ ಅದನ್ನು ‘ಅಂದಿನ ದೃಶ್ಯ’ ಎಂದೇ ಕರೆದುಬಿಟ್ಟಿತು.

ಅದು ಅಂದಿನ ದೃಶ್ಯವಲ್ಲ. ಕೋಟೆ ಬಿದ್ದದ್ದು 1799ರ ಮೇ 4ರಂದು. ಚಿತ್ರ ಮುಗಿದದ್ದು 1839ರಲ್ಲಿ. ಬಿಡಿಸಿದವನು ಸ್ಕಾಟ್ಲೆಂಡಿನ ಸರ್ ಡೇವಿಡ್ ವಿಲ್ಕಿ. ಕೋಟೆ ಬಿದ್ದಾಗ ಅವನಿನ್ನೂ ಹದಿಮೂರು ವರ್ಷದ ಹುಡುಗ, ಅದೇ ವರ್ಷ ಎಡಿನ್‌ಬರೋದ ಕಲಾಶಾಲೆ ಸೇರಿದ್ದ. ಭಾರತಕ್ಕೆ ಅವನು ಬಂದವನೇ ಅಲ್ಲ. ಚಿತ್ರ ಬರೆಸಿದ್ದು ಅದರಲ್ಲಿ ನಿಂತಿರುವ ಜನರಲ್ ಡೇವಿಡ್ ಬೇರ್ಡ್‌ನ ವಿಧವೆ. ಗಂಡ ತೀರಿಕೊಂಡ ಮೇಲೆ ಅವನ ಕೀರ್ತಿ ಉಳಿಯಲೆಂದು ಹೆಂಡತಿ ಹಣ ಕೊಟ್ಟು ಬರೆಸಿದ, ಸುಮಾರು ಮೂರೂವರೆ ಮೀಟರ್ ಎತ್ತರದ ಚಿತ್ರವನ್ನು ನಾವು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸುತ್ತಿದ್ದೇವೆ.

ಹಾಗೆಂದು ಅದನ್ನು ಸುಳ್ಳೆಂದು ತಳ್ಳಿಬಿಡುವುದೂ ಸರಿಯಲ್ಲ. ವಿಲ್ಕಿ ಕಥೆ ಹೇಳುವ ಚಿತ್ರಕಾರ. ಎಲ್ಲಿ ಏನನ್ನು ಇಟ್ಟರೆ ನೋಡುವವನು ಉಳಿದದ್ದನ್ನು ತಾನೇ ಕಟ್ಟಿಕೊಳ್ಳುತ್ತಾನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರ್ಡ್‌ನ ಕಾಲ ಕೆಳಗೆ ಕಬ್ಬಿಣದ ಸರಳುಗಳ ಒಂದು ಕಿಂಡಿಯಿದೆ. ಪತ್ರಿಕೆಗಳ ಸಣ್ಣ ಅಳತೆಯ ಅಚ್ಚಿನಲ್ಲಿ ಅದು ಕಾಣುವುದೇ ಇಲ್ಲ, ಚಿತ್ರದ ಕೀಲಿ ಇರುವುದು ಮಾತ್ರ ಅಲ್ಲೇ. 1780ರಲ್ಲಿ ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಹೈದರಾಲಿಯ ಸೇನೆಗೆ ಸೆರೆಸಿಕ್ಕ ಈ ಬೇರ್ಡ್, 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ. ಅದೇ ಊರಿಗೆ ಗೆದ್ದು ಬಂದ ಕೈದಿಯ ಕಥೆಯನ್ನು ವಿಲ್ಕಿ ನಾಲ್ಕು ಸರಳುಗಳಲ್ಲಿ ಹೇಳಿಬಿಟ್ಟ. ಆದರೆ ಗೆದ್ದ ಮೇಲೆ ಊರಿನ ಆಡಳಿತ ಬೇರ್ಡ್‌ಗೆ ಸಿಗಲಿಲ್ಲ. ಅದು ಹೋದದ್ದು ಆರ್ಥರ್ ವೆಲ್ಲೆಸ್ಲಿಗೆ, ಅಂದರೆ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನಿಗೆ. ಬೇರ್ಡ್ ಇದನ್ನು ಅವಮಾನವೆಂದೇ ತಿಳಿದ. ಚಿತ್ರದಲ್ಲಿ ಅವನೊಬ್ಬನೇ ಅಷ್ಟು ಎತ್ತರದಲ್ಲಿ ನಿಂತಿರುವುದನ್ನು ನೋಡಿದಾಗ ಈ ಹಳೆಯ ಮುನಿಸು ನನಗೆ ನೆನಪಾಗುತ್ತದೆ.

ನನ್ನ ದೃಷ್ಟಿಯಲ್ಲಿ ಇದು ವಿಲ್ಕಿಯ ಉತ್ತಮ ಕೃತಿಯಲ್ಲ. 1785ರಲ್ಲಿ ಫೈಫ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಅವನು, ಚರ್ಚಿನಲ್ಲಿ ಉಪದೇಶ ನಡೆಯುವಾಗ ತೂಕಡಿಸುತ್ತಿದ್ದವರ ಮುಖಗಳನ್ನು ಗೀಚಿಕೊಂಡು ಬಂದು ‘ಪಿಟ್ಲೆಸಿ ಜಾತ್ರೆ’ಯನ್ನು ಬಿಡಿಸಿದ. ಆಗ ಅವನಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಆಮೇಲೆ ಲಂಡನ್, ‘ಹಳ್ಳಿಯ ರಾಜಕಾರಣಿಗಳು’, ‘ಕುರುಡು ಪಿಟೀಲುಗಾರ’, ‘ಗೇಣಿಯ ದಿನ’. ವೆಲ್ಲಿಂಗ್ಟನ್ನನೇ 1200 ಗಿನಿ (ಆಗಿನ ಇಂಗ್ಲಿಷ್ ಚಿನ್ನದ ನಾಣ್ಯ) ಕೊಟ್ಟು ಬರೆಸಿದ, ವಾಟರ್ಲೂ ಗೆಲುವಿನ ಸುದ್ದಿ ಓದುತ್ತಿರುವ ಮುದಿ ಸೈನಿಕರ ಚಿತ್ರ 1822ರಲ್ಲಿ ಪ್ರದರ್ಶನಗೊಂಡಾಗ, ಜನ ಮೈಮೇಲೆ ಬೀಳದಂತೆ ಅದಕ್ಕೆ ಕಟಾಂಜನ ಹಾಕಬೇಕಾಯಿತು.

ಇವೆಲ್ಲಕ್ಕಿಂತ ನನಗೆ ದೊಡ್ಡದೆನಿಸುವುದು 1815ರ ‘ಗೇಣಿ ಬಾಕಿಗೆ ಜಪ್ತಿ’. ರೈತ ತಲೆಗೆ ಕೈಹೊತ್ತು ಮೇಜಿನ ಬಳಿ ಕುಳಿತಿದ್ದಾನೆ. ಹೆಂಡತಿಗೆ ಬವಳಿ ಬಂದಿದೆ. ಅಮೀನ ಅವರದೇ ಮಂಚದ ಮೇಲೆ ಕುಳಿತು ಮನೆಯ ಸಾಮಾನು ಪಟ್ಟಿಮಾಡುತ್ತಿದ್ದಾನೆ. ಅಳು, ಸಿಟ್ಟು, ಲೆಕ್ಕ ಮೂರೂ ಒಂದೇ ಕೋಣೆಯಲ್ಲಿ. ಜಮೀನುದಾರರಿಗೆ ಇದು ಇರಿಸುಮುರಿಸು ತಂದಿತು. 600 ಗಿನಿ ಕೊಟ್ಟು ಕೊಂಡ ಲಂಡನ್ನಿನ ಕಲಾಸಂಸ್ಥೆ ಬ್ರಿಟಿಷ್ ಇನ್‌ಸ್ಟಿಟ್ಯೂಷನ್ ಅದನ್ನು ಗೋಡೆಗೆ ಹಾಕದೆ ಒಳಗಿಟ್ಟಿತು. ಬೇರ್ಡ್‌ನ ಚಿತ್ರಕ್ಕೆ ಅಂತಹ ಅಡ್ಡಿ ಬರಲಿಲ್ಲ. ಗೆದ್ದವರಿಗೆ ಹಿಡಿಸುವ ಕಥೆ ತಾನೆ!

1825ರಲ್ಲಿ ಆರೋಗ್ಯ ಕೆಟ್ಟು ಇಟಲಿ, ಸ್ಪೇನ್ ಸುತ್ತಿ ಬಂದ ಮೇಲೆ ಅವನ ಕೈ ಬದಲಾಯಿತು. ಸಣ್ಣ ವಿವರಗಳು ಕಡಿಮೆಯಾಗಿ ಕತ್ತಲೆ ಬೆಳಕಿನ ಆಟ ಹೆಚ್ಚಿತು. ಟಿಪ್ಪುವಿನ ಚಿತ್ರ ಆ ಘಟ್ಟದ್ದು. 1841ರ ಜೂನ್ 1ರಂದು, ತುರ್ಕಿ, ಪ್ಯಾಲೆಸ್ಟೈನ್, ಈಜಿಪ್ಟ್ ಕಡೆಯ ಪ್ರವಾಸದಿಂದ ಮರಳುವಾಗ ಜಿಬ್ರಾಲ್ಟರ್ ಬಳಿ ಹಡಗಿನಲ್ಲೇ ವಿಲ್ಕಿ ತೀರಿಕೊಂಡ. ಶವವನ್ನು ಸಮುದ್ರಕ್ಕೇ ಒಪ್ಪಿಸಿದರು. ಆ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರ ಟರ್ನರ್ ಚಿತ್ರಿಸಿದ.

ನಮ್ಮಲ್ಲಿ ಇದಕ್ಕೆ ಎದುರು ನಿಲ್ಲುವ ಇನ್ನೊಂದು ಚಿತ್ರವಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಟಿಪ್ಪು ಬರೆಸಿದ ಪೊಲ್ಲಿಲೂರು ಯುದ್ಧ, ಬೇರ್ಡ್ ಸೆರೆಸಿಕ್ಕ ಅದೇ ಯುದ್ಧ. ಅದೂ ಗೆದ್ದವರು ಬರೆಸಿದ ಕಥೆಯೇ. ಟಿಪ್ಪುವಿನ ಪರವಾಗಿಯೋ ವಿರೋಧವಾಗಿಯೋ ವರ್ಷವರ್ಷವೂ ಜಗಳವಾಡುವ ನಾವು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ್ದು ಕಡಿಮೆ.

ನನ್ನ ಕೋರಿಕೆ ಎರಡೇ. ಇನ್ನು ಮುಂದೆ ಈ ಚಿತ್ರ ಅಚ್ಚಾದಾಗ ಅಡಿಯಲ್ಲಿ ‘ಡೇವಿಡ್ ವಿಲ್ಕಿ, 1839’ ಎಂದು ಹಾಕಿ. ಯಾವುದಾದರೂ ಭಾನುವಾರದ ಪುರವಣಿಯಲ್ಲಿ ‘ಗೇಣಿ ಬಾಕಿಗೆ ಜಪ್ತಿ’ಯನ್ನು ಅಮೀನನ ಮುಖ ಕಾಣುವಷ್ಟು ದೊಡ್ಡದಾಗಿ ಅಚ್ಚುಮಾಡಿ.

ಇತಿ,
ನಿವೃತ್ತ ಚಿತ್ರಕಲಾ ಶಿಕ್ಷಕ
ಮಂಡ್ಯ