ಹೀರೆ ಹೂವಿನ ಹೊತ್ತು, ಸೋರೆಯ ಕಹಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳ ಕೃಷಿ ಪುಟಕ್ಕೆ ತಪ್ಪದೆ ಬರುವ ಪ್ರಶ್ನೆಯೊಂದಿದೆ: ಹಿತ್ತಲಿನ ಹೀರೆ, ಸೋರೆ ಬಳ್ಳಿ ತುಂಬ ಹೂವಿದೆ, ಕಾಯಿ ಮಾತ್ರ ನಿಲ್ಲುತ್ತಿಲ್ಲ, ಏನು ಹಾಕಬೇಕು? ಉತ್ತರದಲ್ಲಿ ಸಾಮಾನ್ಯವಾಗಿ ಇನ್ನೊಂದು ಗೊಬ್ಬರದ ಹೆಸರಿರುತ್ತದೆ. ಬಹುಪಾಲು ಬಳ್ಳಿಗಳಿಗೆ ಬೇಕಿರುವುದು ಗೊಬ್ಬರವಲ್ಲ, ಪರಾಗ.

ಮೊದಮೊದಲು ಬಿಡುವುದು ಹೆಚ್ಚಾಗಿ ಗಂಡು ಹೂಗಳೇ. ಅವು ಉದುರಿದರೆ ಗಾಬರಿ ಬೇಡ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಅದು ನಾಲ್ಕೈದು ದಿನದಲ್ಲಿ ಹಳದಿಯಾಗಿ ಮುರುಟಿದರೆ ಪರಾಗ ಮುಟ್ಟಿಲ್ಲವೆಂದೇ ಮೊದಲು ಅನುಮಾನಿಸಬೇಕು. ತಾರಸಿ, ಖಾಲಿ ಸೈಟುಗಳಲ್ಲಿ ಜೇನ್ನೊಣ ಕಡಿಮೆಯಿದ್ದರೆ ಆ ಕೆಲಸ ನಾವೇ ಮಾಡಬೇಕು. ಎಡವುವುದು ಹೊತ್ತಿನ ವಿಷಯದಲ್ಲಿ. ಕುಂಬಳ, ಸೌತೆ, ಹಾಗಲ ಅರಳುವುದು ಬೆಳಗ್ಗೆ. ಹೀರೆ, ಸೋರೆ ಅರಳುವುದು ಇಳಿಹೊತ್ತಿಗೆ. ಬೆಳಗ್ಗೆ ನೀರು ಹಾಕುವಾಗಲೇ ಎಲ್ಲಕ್ಕೂ ಪರಾಗ ಮುಟ್ಟಿಸುತ್ತೇವೆಂದರೆ ಹೀರೆ ಕಾಯಿ ಕಚ್ಚುವುದಿಲ್ಲ. ಆಗತಾನೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ತುದಿಗೆ ಮೆಲ್ಲಗೆ ಸವರಿದರಾಯಿತು. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂವಿಗೆ ಸಾಕು. ಬೇವಿನೆಣ್ಣೆಯನ್ನೂ ಹೂ ಅರಳಿರುವ ಹೊತ್ತಿನಲ್ಲಿ ಸಿಂಪಡಿಸಬೇಡಿ, ಇರುವ ನಾಲ್ಕು ಜೇನೂ ಹೋಗುತ್ತವೆ.

ಬೀಜ ಊರುವ ಗುಣಿ ಒಂದೂವರೆ ಅಡಿ ಆಳ, ಅಷ್ಟೇ ಅಗಲವಿರಲಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ, ಬೇವಿನ ಹಿಂಡಿ ಎರಡು ಹಿಡಿ. ಮೂರು ಬೀಜ ಊರಿ, ಗಟ್ಟಿಯಾದ ಒಂದೆರಡು ಸಸಿ ಉಳಿಸಿಕೊಳ್ಳಿ. ಯೂರಿಯಾ ಸುರಿದರೆ ಎಲೆ ಹಬ್ಬುತ್ತದೆ, ಗಂಡು ಹೂ ಹೆಚ್ಚುತ್ತದೆ, ಅಷ್ಟೇ.

ನಿಂತ ಕಾಯಿ ಸೊಟ್ಟಗಾಗಿ, ಅಂಟು ಸೋರಿ ಕೊಳೆತರೆ ಅದು ಹಣ್ಣುನೊಣದ ಕೆಲಸ. ಎಳೆ ಸಿಪ್ಪೆಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಹುಳು ಒಳಗೆ ಸೇರಿದ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ. ಕಾಯಿ ಕಚ್ಚಿದ ಎರಡು ಮೂರು ದಿನಕ್ಕೇ ಪೇಪರ್ ಚೀಲ ತೊಡಿಸಿ, ಬಾಯಿ ಕಟ್ಟಿ. ವಾಸನೆಯಿಂದ ನೊಣ ಸೆಳೆಯುವ ಕ್ಯೂ ಲ್ಯೂರ್ ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಅದೊಂದನ್ನೇ ನಂಬಿ ಕೂರುವಂತಿಲ್ಲ. ಕೊಳೆತ ಕಾಯಿಯನ್ನು ಬುಡದಲ್ಲೇ ಎಸೆದರೆ ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿಗಿಡಿ.

ಹೀರೆ ಬಲಿತರೆ ನಾರು. ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ ಎರಡೂ ಬೇಕಿದ್ದರೆ ಎಳೆಯದಿದ್ದಾಗಲೇ ಕೊಯ್ಯಬೇಕು. ಸೋರೆಗೆ ಉಗುರು ಸಲೀಸಾಗಿ ಇಳಿಯಬೇಕು.

ಸೋರೆಯ ವಿಷಯದಲ್ಲಿ ಇನ್ನೊಂದು ಮಾತನ್ನು ಪತ್ರಿಕೆಗಳು ಪ್ರತಿ ಬೇಸಿಗೆಯಲ್ಲೂ ಅಚ್ಚು ಹಾಕಬೇಕು. ಹೆಚ್ಚುವ ಮುನ್ನ ತೊಟ್ಟಿನ ಕಡೆಯ ಚಿಕ್ಕ ಹೋಳೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶದ್ದು, ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ, ರಕ್ತವಾಂತಿಯವರೆಗೂ ಹೋಗಬಹುದು. ಕಹಿ ಸೋರೆ ರಸ ಕುಡಿದು ಸಾವುಗಳಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೂ ಕಹಿ ರಸ ಕುಡಿಯಬಾರದೆಂದೇ ಹೇಳಿತು. ಹಾಗಲದ ಕಹಿ ಬೇರೆ, ಅದಕ್ಕೆ ಇದನ್ನು ಹೋಲಿಸಿ 'ಆರೋಗ್ಯಕ್ಕೆ ಒಳ್ಳೆಯದು' ಎನ್ನಬಾರದು. ಬೀಜಕ್ಕೆಂದು ಕಾಯಿ ಬಿಡುವವರು, ಕಹಿ ಕಂಡ ಬಳ್ಳಿಯ ಬೀಜವನ್ನು ನೆರೆಯವರಿಗೂ ಕೊಡಬೇಡಿ.

– ಓದುಗರು, ಮೈಸೂರು